ಕಾಯಿ ಕಟ್ಟದ ಬಳ್ಳಿಗೆ ನೋಟಿಸು ಕೊಟ್ಟ ಉದ್ಯಾನ ಅಧೀಕ್ಷಕರಿಗೆ

ಮಾನ್ಯ ಉದ್ಯಾನ ಅಧೀಕ್ಷಕರೇ,

ನನ್ನ ದೊಡ್ಡಮ್ಮನ ತೋಟದ ಅಂಚಿನಲ್ಲಿದ್ದ ಕಾಡುಹೂಗಳಿಗೆ ನೀವು ವಿಷ ಹೊಡೆಸಿದಿರಿ. ಹೂ ಹೋದ ಮೇಲೆ ಜೇನು ಬರಲಿಲ್ಲ. ಜೇನು ಬರದೆ ಅವರ ಕುಂಬಳದ ಬಳ್ಳಿ ಕಾಯಿ ಕಟ್ಟಲಿಲ್ಲ. ಈಗ ಕಾಯಿ ಕಟ್ಟಲಿಲ್ಲ ಎಂಬ ಕಾರಣ ಕೊಟ್ಟು ಆ ನೆಲವನ್ನೇ ಅವರಿಂದ ಕಿತ್ತುಕೊಳ್ಳುತ್ತಿದ್ದೀರಿ. ಬುಧವಾರ ಬೆಳಗ್ಗೆ ಯಂತ್ರ ಕಳಿಸುತ್ತೀರಂತೆ. ವಿಷಯ ಇಷ್ಟೇ. ತಮ್ಮ ಸಮಯ ಅಮೂಲ್ಯವಾದದ್ದು, ಆದ್ದರಿಂದ ಮೊದಲೇ ಹೇಳಿ ಮುಗಿಸಿದ್ದೇನೆ. ಮುಂದಿನದನ್ನು ತಾವು ಓದದಿದ್ದರೂ ನಡೆಯುತ್ತದೆ, ಊರಿನವರು ಓದುತ್ತಾರೆ. ಅದಕ್ಕೇ ಇದನ್ನು ಲಕೋಟೆಯಲ್ಲಿಟ್ಟು ಅಂಟಿಸದೆ ಪತ್ರಿಕೆಗೆ ಕೊಟ್ಟಿದ್ದೇನೆ. ಲಕೋಟೆಯಲ್ಲಿಟ್ಟು ಕಳಿಸಿದ ಹಿಂದಿನ ಪತ್ರಗಳು ತಮ್ಮ ಕಚೇರಿಯಲ್ಲಿ ಸುಖನಿದ್ರೆಯಲ್ಲಿವೆ ಎಂದು ನಂಬಿದ್ದೇನೆ. ಎಬ್ಬಿಸುವುದು ಬೇಡ.

ಓದುಗರಲ್ಲಿ ಆ ಜಾಗ ನೋಡದವರು ಇರಬಹುದು. ರೈಲು ಹಳಿಯ ಉದ್ದಕ್ಕೂ ಹೋಗುವ ಕಲ್ಲಿನ ಗೋಡೆಗೂ ಪಾಳುಬಿದ್ದ ನೀರಿನ ಟ್ಯಾಂಕಿಗೂ ನಡುವೆ ನಗರಸಭೆಯ ಒಂದು ಉದ್ದನೆಯ ನೆಲ ಇದೆ. ಅದನ್ನು ತುಂಡು ಮಾಡಿ, ಮನೆಗೆ ಅಂಗಳವೇ ಇಲ್ಲದವರಿಗೆ ತರಕಾರಿ ಬೆಳೆದುಕೊಳ್ಳಲು ಕೊಡುತ್ತಾರೆ. ಕೇಳಿದ ಕೂಡಲೇ ಸಿಗುವುದಿಲ್ಲ. ದೊಡ್ಡಮ್ಮ, ಅಂದರೆ ನನ್ನ ಅಮ್ಮನ ಅಕ್ಕ, ಅರ್ಜಿ ಹಾಕಿದಾಗ ನಾನು ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ನೆಲ ಅವರ ಕೈಗೆ ಬಂದಾಗ ನಾನು ಕಾಲೇಜು ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಸೇರಿಯಾಗಿತ್ತು. ಅವರು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾರೆ. ನೆಲಮಾಳಿಗೆ, ಹಬೆ, ಮೂಗು ಸುಡುವ ಬ್ಲೀಚು, ಯಾರದೋ ರಕ್ತ ಹತ್ತಿದ ಹಾಸಿಗೆ ಬಟ್ಟೆ. ಬೆಳಗಿನ ಪಾಳಿಗೆ ಇನ್ನೂ ಕತ್ತಲಿರುವಾಗಲೇ ಮನೆ ಬಿಡಬೇಕು. ಸೊಂಟ ಬಗ್ಗುವುದಿಲ್ಲವಾದ್ದರಿಂದ ಅವರು ಬೆಳೆಯುವುದು ಕುಂಬಳ ಮಾತ್ರ. ನೆಟ್ಟು ನೀರು ಬಿಟ್ಟರೆ ಅದು ತನ್ನ ಪಾಡಿಗೆ ತಾನು ಹಬ್ಬಿಕೊಳ್ಳುತ್ತದೆ. "ಇದು ನಂದು" ಎಂದು ಅವರು ಹೇಳಿದ್ದನ್ನು ನಾನು ಎರಡೇ ಸಲ ಕೇಳಿದ್ದೇನೆ. ಒಂದು ಸಲ ಹಲ್ಲಿನ ಸೆಟ್ಟಿನ ಬಗ್ಗೆ, ಇನ್ನೊಂದು ಸಲ ಗೋಡೆ ಪಕ್ಕದ ಆ ಕೊನೆಯ ತುಂಡು ನೆಲದ ಬಗ್ಗೆ. ಹಲ್ಲಿನ ಸೆಟ್ಟಿಗೆ ತಾವು ಇನ್ನೂ ಕೈ ಹಾಕಿಲ್ಲ. ಕೃತಜ್ಞರಾಗಿದ್ದೇವೆ.

ಕಾಡುಹೂವಿನ ಹುಚ್ಚು ನನಗೆ ಎಲ್ಲಿಂದ ಹತ್ತಿತು ಎಂದು ತಾವು ಒಮ್ಮೆ ಕೇಳಿದ್ದಿರಿ. ಆಗ ಕೊಟ್ಟ ಉತ್ತರವನ್ನೇ ಎಲ್ಲರೆದುರು ಮತ್ತೆ ಕೊಡುತ್ತೇನೆ: ತಮ್ಮಿಂದ. ನಾನು ಮುದ್ರಣಾಲಯದಲ್ಲಿ ಕರಪತ್ರ ಮಡಚುವ ಕೆಲಸದವಳು. ಯಂತ್ರದಿಂದ ಬಿಸಿಬಿಸಿಯಾಗಿ ಬಂದ ಹಾಳೆಯನ್ನು ಮೂಳೆಯ ಪಟ್ಟಿಯಿಂದ ಒತ್ತಿ ಮಡಚುತ್ತೇನೆ, ಮಡಚುತ್ತಾ ಓದುತ್ತೇನೆ. ಕೂದಲು ಉದುರುವುದರಿಂದ ಹಿಡಿದು ಕ್ರಾಂತಿಯವರೆಗೆ ನನಗೆ ಗೊತ್ತಿರುವುದೆಲ್ಲ ಹಾಗೆ ಓದಿದ್ದು. ಎರಡು ವರ್ಷದ ಹಿಂದೆ ತಮ್ಮ ಕಚೇರಿಯಿಂದ ಒಂದು ಕರಪತ್ರ ಬಂತು. ಮೇಲೆ ದೊಡ್ಡಕ್ಷರದಲ್ಲಿ "ಈ ನೆಲದ ಹೂ ಬೆಳೆಸಿ, ಜೇನು ಉಳಿಸಿ." ಕೆಳಗೆ ನಗರಸಭೆಯ ಮುದ್ರೆ, ಅದರ ಪಕ್ಕ ತಮ್ಮ ಸಹಿ. ಒಳಗೆ ಎಷ್ಟು ಚೆಂದದ ಮಾತು! ಅಂಗಡಿಯಲ್ಲಿ ಸಿಗುವ ಸುರುಳಿ ಸುರುಳಿ ಎಸಳಿನ ಹೂಗಳು ನೋಡಲು ಅಂದ, ಆದರೆ ಅವುಗಳಲ್ಲಿ ಹಲವಕ್ಕೆ ಮಕರಂದವೂ ಇಲ್ಲ, ಪರಾಗವೂ ಇಲ್ಲ. ತಾನಾಗಿ ಹುಟ್ಟುವ ಹೂವನ್ನು ಕಳೆ ಎಂದು ಕೀಳಬೇಡಿ. ಎಲ್ಲ ಜೇನೂ ಗೂಡಿನಲ್ಲಿ ಗುಂಪಾಗಿ ಇರುವುದಿಲ್ಲ, ಮಣ್ಣಿನಲ್ಲಿ ತೂತು ಕೊರೆದು ಒಂಟಿಯಾಗಿ ಬಾಳುವವು ಬಹಳ ಇವೆ, ಅವಕ್ಕಾಗಿ ಒಂದಿಷ್ಟು ಬರಿ ನೆಲ ಬಿಡಿ. ವಿಷ ಹೊಡೆಯಬೇಡಿ. ಬೀಜ ಉದುರುವ ತನಕ ಕೊಯ್ಯಬೇಡಿ. ಹೀಗೆ ಮಾಡಿದರೆ ನಿಮ್ಮ ತರಕಾರಿಯೂ ಚೆನ್ನಾಗಿ ಕಾಯಿ ಕಟ್ಟುತ್ತದೆ.

ನಾನು ಅದನ್ನು ನಂಬಿದೆ. ಸಹಿ ಹಾಕಿದವರು ಓದಿ ಹಾಕಿರುತ್ತಾರೆ ಎಂದುಕೊಂಡೆ.

ಟ್ಯಾಂಕಿನ ಬುಡದಿಂದ ತುಂಬೆಯ ಬೀಜ ತಂದೆ. ಹಳಿ ಪಕ್ಕದಿಂದ ನೀಲಿ ವಿಷ್ಣುಕಾಂತಿ ತಂದೆ. ಮೈದಾನದ ಮೂಲೆಯಲ್ಲಿ ಯಾರೂ ತುಳಿಯದ ಕಡೆ ಸಹದೇವಿ ಬೆಳೆದಿತ್ತು, ಅದರ ನೇರಳೆ ಹೂಗೊಂಡೆಗಳು ಒಣಗುವುದನ್ನು ಕಾದು, ಉಜ್ಜಿ, ಮುಷ್ಟಿಯಲ್ಲಿ ತಂದೆ. ಗೋಡೆಯ ಬುಡದಲ್ಲಿ ಎರಡು ಮಾರು ಅಗಲಕ್ಕೆ ಚೆಲ್ಲಿದೆ. ಮೊಳಕೆ ಬಂದ ಮೇಲೆ ದೊಡ್ಡಮ್ಮ ಸೊಂಟದ ಮೇಲೆ ಕೈ ಇಟ್ಟು ನಿಂತರು.

"ಏನೇ ಇದು? ತೋಟ ಮಾಡು ಅಂದ್ರೆ ಕಾಡು ಮಾಡ್ತಿದ್ದೀಯಲ್ಲ?"

"ನಾನು ಹೇಳಿದ್ದಲ್ಲ ದೊಡ್ಡಮ್ಮ, ನಗರಸಭೆಯೋರೇ ಹೇಳಿರೋದು. ನೋಡು, ಮುದ್ರೆ."

ಅವರು ಕರಪತ್ರವನ್ನು ದೂರ ಹಿಡಿದು ನೋಡಿದರು. ಅಕ್ಷರ ಓದಲಿಲ್ಲ, ಮುದ್ರೆ ನೋಡಿದರು. "ಮುದ್ರೆ ಇದ್ರೆ ಸರಿ ಬಿಡು. ನಾಳೆ ಯಾರಾದ್ರೂ ಕೇಳಿದ್ರೆ ಇದನ್ನೇ ತೋರಿಸ್ತೀನಿ."

ಆ ಹಂಗಾಮಿನಲ್ಲಿ ಅಲ್ಲಿ ಏನಾಯಿತು ಎಂದು ತಾವು ಬಂದು ನೋಡಲಿಲ್ಲ, ಹಾಗಾಗಿ ಹೇಳುತ್ತೇನೆ. ತುಂಬೆ ಬಿಳಿಯಾಗಿ ಅರಳಿದ ವಾರದಲ್ಲೇ ಸಣ್ಣ ಜೇನು ಬಂತು, ಹಿಂದೆಯೇ ದೊಡ್ಡದು ಬಂತು. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂದು ಒಂಟಿ ಜೇನು ಗೋಡೆಯ ಮಣ್ಣಿನ ಸಂದಿನಲ್ಲಿ ಮನೆ ಮಾಡಿತು. ಅದು ಹೂವಿಗೆ ಬರುವಾಗ ಹೊಲಿಗೆ ಯಂತ್ರ ಓಡಿಸಿದ ಹಾಗೆ ಸದ್ದು. ಅವು ಗೋಡೆ ಬದಿಯ ಹೂವಿಗೆಂದೇ ಬಂದವು, ದಾರಿಯಲ್ಲಿ ಅಂಗೈ ಅಗಲ ಬಾಯಿ ತೆರೆದು ನಿಂತಿದ್ದ ಕುಂಬಳದ ಹೂವಿಗೂ ಹೊಕ್ಕು ಹೊರಬಂದವು. ರಜೆಯ ದಿನ ದೊಡ್ಡಮ್ಮ ಬಕೆಟ್ ಬೋರಲು ಹಾಕಿ ಕೂತು ನೋಡುತ್ತಿದ್ದರು. "ಬಂದ್ರು ನೋಡು, ಬೆಳಗಿನ ಪಾಳಿಯೋರು," ಎನ್ನುತ್ತಿದ್ದರು. "ಮೇಲ್ವಿಚಾರಕರಿಲ್ಲ, ಗಂಟೆ ಹೊಡೆಯೋರಿಲ್ಲ, ಆದ್ರೂ ಒಬ್ರೂ ಕದ್ದು ಕೂತ್ಕೊಳಲ್ಲ. ನಮ್ಮಲ್ಲೂ ಇವ್ರನ್ನೇ ತಗೋಬೇಕು." ಆ ಸಲ ಕಾಯಿ ಎಷ್ಟು ಬಿಟ್ಟಿತೆಂದರೆ ಇಡೀ ಪಾಳಿಯವರಿಗೆ ಹಂಚಿದರು. ಬೇಡ ಎಂದವರ ಚೀಲಕ್ಕೂ ತುರುಕಿದರು.

ಇಲ್ಲಿ ಕತ್ತರಿ ಮಾವನ ವಿಷಯ ಹೇಳಲೇಬೇಕು. ಪಕ್ಕದ ತುಂಡು ನೆಲ ಅವರದು. ನಿವೃತ್ತ ಡ್ರಾಯಿಂಗ್ ಮೇಷ್ಟರು. ಬದುಕಿಡೀ ಹುಡುಗರಿಗೆ ಗೆರೆ ನೇರ ಎಳೆಯಲು ಕಲಿಸಿ, ಈಗ ಗಿಡಗಳಿಗೆ ಕಲಿಸುತ್ತಿದ್ದಾರೆ. ಬಟ್ಟೆ ಕತ್ತರಿಸುವ ಕತ್ತರಿಯಿಂದ ಹುಲ್ಲಿನ ಅಂಚು ಸಮ ಮಾಡುತ್ತಾರೆ, ಅದಕ್ಕೇ ಆ ಹೆಸರು. ಅವರಿಗೆ ನಮ್ಮ ಗೋಡೆ ಬದಿ ಕಣ್ಣಿಗೆ ಚುಚ್ಚುತ್ತಿತ್ತು. "ಏನಮ್ಮ, ಇದು ಹೂದೋಟಾನೋ, ದನ ಮೇಯೋ ಜಾಗಾನೋ? ಒಂದು ಸಾಲಿಲ್ಲ, ಒಂದು ಅಳತೆ ಇಲ್ಲ," ಎಂದು ಬೇಲಿಯಾಚೆಯಿಂದ ದಿನಾ ಕೇಳುತ್ತಿದ್ದರು. ದೊಡ್ಡಮ್ಮ ಬಿಡುವವರಲ್ಲ: "ಮೇಷ್ಟ್ರೇ, ನಿಮ್ಮ ತಲೇಲೂ ಒಂದು ಸಾಲು ಉಳಿದಿಲ್ಲ, ನಾನೇನಾದ್ರೂ ಕೇಳಿದ್ನಾ?" ಮಾವ ನಕ್ಕರು. ನಕ್ಕು ಮನೆಗೆ ಹೋಗಿ ತಮ್ಮ ಕಚೇರಿಗೆ ಒಂದು ದೂರು ಬರೆದರು. ನೋಡಿ, ಅವರ ಪತ್ರ ನಿದ್ದೆ ಹೋಗಲಿಲ್ಲ. ಹೂ ಉಳಿಸಿ ಎಂದು ಬರೆದ ಪತ್ರಕ್ಕೆ ತಮ್ಮ ಕಚೇರಿಯಲ್ಲಿ ಹಾಸಿಗೆ ಹಾಸುತ್ತಾರೆ, ಹೂ ಕೊಲ್ಲಿ ಎಂದು ಬರೆದರೆ ಅದಕ್ಕೆ ಕಾಲು ಬರುತ್ತದೆ. ಒಂದು ವಾರದಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿಕೊಂಡ ಆಳು ಬಂದ.

ನಾನು ಅಂದು ಎರಡನೇ ಪಾಳಿ, ಅದಕ್ಕೇ ತೋಟದಲ್ಲಿದ್ದೆ. ಮುಖಕ್ಕೆ ಬಟ್ಟೆ ಸುತ್ತಿಕೊಂಡು ಗೋಡೆಯ ಬುಡಕ್ಕೆ ಹೊಡೆಯಲು ಶುರು ಮಾಡಿದ್ದ. ನಾನು ಕರಪತ್ರ ಹಿಡಿದು ಓಡಿದೆ. ಅವನು ಕೊಳವೆ ಕೆಳಗಿಳಿಸಿ, ಪಾಪ, ತಾಳ್ಮೆಯಿಂದ ಕೇಳಿಸಿಕೊಂಡ.

"ಅಕ್ಕ, ನಂಗೆ ಹೇಳಿದ್ದು ಗೋಡೆ ಬದಿ ಕ್ಲೀನ್ ಮಾಡು ಅಂತ. ಅದ್ರಲ್ಲಿ ಯಾವುದು ಹೂವು, ಯಾವುದು ಕಳೆ ಅಂತ ಹೇಳಿಲ್ಲ."

"ಇದು ನಿಮ್ಮ ಸಾಹೇಬರೇ ಬೆಳೆಸಿ ಅಂದಿರೋ ಹೂವು ಕಣಪ್ಪ!"

"ಹಾಗಾದ್ರೆ ಅವ್ರಿಗೆ ಗೊತ್ತಿರತ್ತೆ ಬಿಡಿ. ಬೆಳೆಸೋರೂ ಅವ್ರೇ, ತೆಗೆಸೋರೂ ಅವ್ರೇ. ಸ್ವಲ್ಪ ಹಿಂದೆ ಸರೀರಿ, ಕಣ್ಣಿಗೆ ಹಾರತ್ತೆ."

ಅವನ ಮೇಲೆ ನನಗೆ ಸಿಟ್ಟಿಲ್ಲ. ನಾನು ಮಡಚುವ ಹಾಗೆ ಅವನು ಹೊಡೆಯುತ್ತಾನೆ. ನಾಲ್ಕನೇ ದಿನಕ್ಕೆ ತುಂಬೆ ಕಂದಿತು. ವಾರ ಕಳೆಯುವಷ್ಟರಲ್ಲಿ ಗೋಡೆಯ ಬುಡ ಹಳೆಯ ಚಹಾಪುಡಿ ಚೆಲ್ಲಿದ ಹಾಗೆ ಕಂಡಿತು. ನೀಲಿ ಪಟ್ಟೆಯ ಜೇನು ಬಂದು ಒಣಗಿದ ಕಡ್ಡಿಯಿಂದ ಕಡ್ಡಿಗೆ ಹಾರಿ, ಎಲ್ಲೂ ಕೂರದೆ ಹೋಯಿತು. ಬೀಜ ಉದುರುವುದಕ್ಕೆ ಇನ್ನೂ ಎಷ್ಟೋ ದಿನ ಇತ್ತು. ಕೊಲ್ಲುವುದೇ ಆದರೆ ಬೀಜ ಉದುರಿದ ಮೇಲೆ ಕೊಂದಿದ್ದರೂ ಆಗುತ್ತಿತ್ತು. ಆದರೆ ತಮ್ಮ ಇಲಾಖೆಗೆ ಹೊತ್ತು ಗೊತ್ತು ಎಂಬ ಆರೋಪವನ್ನು ಯಾರೂ ಮಾಡಲಾರರು.

ಆಮೇಲೆ ನಾನು ತಮ್ಮ ಕೋಣೆಗೆ ಬಂದೆ. ನೆನಪಿರಬಹುದು. ಮೇಜಿನ ಮೇಲೆ ಪ್ಲಾಸ್ಟಿಕ್ ಹೂದಾನಿ, ಪ್ಲಾಸ್ಟಿಕ್ ಹೂವಿನ ಮೇಲೆ ನಿಜವಾದ ಧೂಳು. ಕಿಟಕಿ ಮುಚ್ಚಿತ್ತು, ಹುಳ ಬರುತ್ತದೆಂದು. ಜೀವವೈವಿಧ್ಯಕ್ಕೆ ಸಂಬಂಧಿಸಿದ ಅಧಿಕಾರಿಯ ಕೋಣೆಗೆ ಒಂದು ನೊಣವೂ ಬಾರದಂತೆ ಜಾಲರಿ ಬಡಿದಿದ್ದನ್ನು ನೋಡಿ, ಎಲ್ಲ ಅರ್ಥವಾಗಿ, ನಾನು ಅಲ್ಲಿಂದಲೇ ವಾಪಸು ಹೋಗಬೇಕಿತ್ತು. ಕರಪತ್ರವನ್ನು ತಮ್ಮ ಮುಂದೆ ಇಟ್ಟು, "ಸರ್, ಇದು ನಿಮ್ಮದೇ ಅಲ್ವಾ?" ಎಂದೆ. ತಾವು ಕನ್ನಡಕ ಹಾಕಿಕೊಂಡು, ಅದನ್ನು ಹಿಂದೆ ಮುಂದೆ ತಿರುಗಿಸಿ, ಮೊದಲ ಸಲ ನೋಡುವವರ ಹಾಗೆ ಪೂರ್ತಿ ನೋಡಿದಿರಿ.

"ಚೆನ್ನಾಗಿ ಮಾಡಿದ್ದಾರಲ್ಲ," ಎಂದಿರಿ.

"ಇದರಲ್ಲಿ ಹೇಳಿರೋ ಹಾಗೇ ಮಾಡಿದ್ವಿ ಸರ್. ನಿಮ್ಮೋರೇ ಬಂದು ವಿಷ ಹೊಡೆದ್ರು."

ಆಗ ತಾವು ಹೇಳಿದ ಮಾತು ನನಗೆ ಸಾಯುವ ತನಕ ಮರೆಯುವುದಿಲ್ಲ. "ನೋಡಮ್ಮ, ಕರಪತ್ರ ಇರೋದು ಹಂಚೋಕೆ. ಅದನ್ನ ಓದಿ ಯಾರಾದ್ರೂ ಹಾಗೇ ಮಾಡ್ತಾರಾ?" ತಾವು ವ್ಯಂಗ್ಯವಾಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ದಾರಿ ತಪ್ಪಿದ ಮಗುವಿಗೆ ಹೇಳುವ ಹಾಗೆ, ನಿಜವಾದ ಕನಿಕರದಿಂದ ಹೇಳಿದಿರಿ. ಆಮೇಲೆ ಗಂಟೆ ಒತ್ತಿ, "ಇವರಿಗೆ ಇನ್ನೂ ನಾಲ್ಕು ಕೊಡಿ," ಎಂದಿರಿ. ನಾಲ್ಕನ್ನೂ ಮಡಚಿದ್ದು ನಾನೇ. ನನ್ನ ಮಡಿಕೆ ನನಗೆ ಗುರುತು ಸಿಗುತ್ತದೆ.

ಅನ್ಯಾಯವಾಯಿತು ಎಂದು ತಮಗೂ ಎಲ್ಲೋ ಅನಿಸಿರಬೇಕು, ಏಕೆಂದರೆ ಮುಂದಿನ ತಿಂಗಳು ನಮ್ಮ ಗೋಡೆಯ ಬುಡದಲ್ಲಿ "ಜೇನು ವಸತಿಗೃಹ" ಎದ್ದಿತು. ಮರದ ಪೆಟ್ಟಿಗೆ, ಅದರಲ್ಲಿ ಸಾಲಾಗಿ ಕೊರೆದ ತೂತುಗಳು, ಮೇಲೆ ಹೆಂಚಿನ ಬಣ್ಣದ ಪುಟ್ಟ ಮಾಡು. ತಾವೇ ಬಂದು ರಿಬ್ಬನ್ ಕತ್ತರಿಸಿದಿರಿ. ಕತ್ತರಿ ಮಾವನೇ ಕತ್ತರಿ ಕೊಟ್ಟರು. ಸುತ್ತಲೂ ಕಲ್ಲು ಚಪ್ಪಡಿ ಹಾಸಿಸಿದಿರಿ, ಅಂದರೆ ಮಣ್ಣಿನಲ್ಲಿ ಮನೆ ಮಾಡುವ ಜೇನಿಗೆ ಬಾಗಿಲು ಹಾಕಿದಿರಿ. ನಾಲ್ಕು ಕುಂಡಗಳಲ್ಲಿ ಸುರುಳಿ ಎಸಳಿನ ದೊಡ್ಡ ಹೂ ಇಡಿಸಿದಿರಿ, ಅಂದರೆ ಊಟಕ್ಕೆ ಕರೆದು ತೊಳೆದ ತಟ್ಟೆ ತೋರಿಸಿದಿರಿ. ಇವೆರಡೂ ಕೂಡದು ಎಂದು ತಮ್ಮ ಸಹಿಯ ಮೇಲೇ ಬರೆದಿತ್ತು. ಆದರೂ ಒಂದೆರಡು ಜೇನು ಆ ತೂತುಗಳಿಗೆ ಹೊಕ್ಕವು. ಬದುಕುವ ಆಸೆ ಇರುವವರು ಸರ್ಕಾರಿ ವಸತಿಯನ್ನೂ ನಂಬುತ್ತಾರೆ. ಮರುದಿನ ಕೆಳಗೆ ಚಪ್ಪಡಿಯ ಮೇಲೆ ಸತ್ತು ಬಿದ್ದಿದ್ದವು, ಕಾಲು ಮಡಚಿಕೊಂಡು. ಪೆಟ್ಟಿಗೆ ಮಾಡಿದ ಬಡಗಿಯನ್ನು ಹುಡುಕಿ ಹೋಗಿ ಕೇಳಿದೆ. ಅವನು ಹೆಮ್ಮೆಯಿಂದಲೇ ಹೇಳಿದ: "ಆಫೀಸಿನೋರು ಗೆದ್ದಲು ಹಿಡೀಬಾರ್ದು ಅಂದ್ರು. ಒಳಗೆ ಹೊರಗೆ ಮೂರು ಸಲ ಔಷಧಿ ಹೊಡೆದಿದೀನಿ. ಹತ್ತು ವರ್ಷ ಒಂದು ಹುಳ ಬಂದ್ರೆ ಕೇಳಿ."

ಹುಳಕ್ಕೆ ಮನೆ ಕಟ್ಟಿ, ಹುಳ ಬಾರದಂತೆ ಖಾತರಿ ಪಡೆದ ಇಲಾಖೆ ಜಗತ್ತಿನಲ್ಲಿ ಇನ್ನೊಂದಿದ್ದರೆ ದಯವಿಟ್ಟು ತಿಳಿಸಿ, ಎರಡಕ್ಕೂ ಒಟ್ಟಿಗೆ ಸನ್ಮಾನ ಮಾಡೋಣ.

ಈ ಹಂಗಾಮಿನಲ್ಲಿ ಕುಂಬಳ ಹೂ ಬಿಟ್ಟಿತು. ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಒಂದರ ಪರಾಗ ಇನ್ನೊಂದಕ್ಕೆ ಮುಟ್ಟದಿದ್ದರೆ ಹೆಣ್ಣು ಹೂವಿನ ಬುಡದಲ್ಲಿರುವ ಎಳೆ ಹೀಚು ಹಳದಿಯಾಗಿ, ಮೆತ್ತಗಾಗಿ, ಕೊಳೆತು ಉದುರುತ್ತದೆ. ಹೂ ಅರಳುವುದು ನಸುಕಿನಲ್ಲಿ, ಬಿಸಿಲು ಏರುವಷ್ಟರಲ್ಲಿ ಮುದುಡಿ ಮುಗಿಯಿತು. ದೊಡ್ಡಮ್ಮ ಆ ಹೊತ್ತಿಗೆ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಹಿಂಡುತ್ತಿರುತ್ತಾರೆ. ನಾನು ಬಣ್ಣದ ಕುಂಚ ತಗೊಂಡು ಹೋಗಿ ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಸವರಿದೆ. ನಗಬೇಡಿ, ನಿಮ್ಮ ಪರವಾಗಿ ಮಾಡಿದ ಕೆಲಸ ಅದು. ರೈಲಿನಲ್ಲಿ ಹೋಗುವವರು ಕಿಟಕಿಯಿಂದ ನೋಡಿ ಕೈ ಬೀಸುತ್ತಿದ್ದರು. ಪಾಳಿ ಬದಲಾದ ದಿನಗಳಲ್ಲಿ ಹೋಗಲಾಗಲಿಲ್ಲ, ಹೋದ ದಿನಗಳಲ್ಲಿ ಅರ್ಧ ಕೈಗೂಡಲಿಲ್ಲ. ಮೂರು ಕಾಯಿ ನಿಂತವು. ಉಳಿದವೆಲ್ಲ ಹೆಬ್ಬೆರಳಿನಷ್ಟಾಗಿ ಕೊಳೆತವು. ದೊಡ್ಡಮ್ಮ ಬಂದು ಅವನ್ನು ಒಂದೊಂದೇ ಆರಿಸಿ ಬಕೆಟ್ಟಿಗೆ ಹಾಕುತ್ತಿದ್ದರು. ಸೊಪ್ಪು, ಮೂಲಂಗಿ ಹಾಕಿದವರಿಗೆ ಏನೂ ಆಗಲಿಲ್ಲ, ಎಲೆಗೂ ಗೆಡ್ಡೆಗೂ ಜೇನಿನ ಹಂಗಿಲ್ಲ. ಹೊಡೆತ ಬಿದ್ದದ್ದು ಕುಂಬಳ ಹಾಕಿದವರಿಗೆ. ದೊಡ್ಡಮ್ಮನಿಗೆ, ಮತ್ತು ಕತ್ತರಿ ಮಾವನಿಗೆ.

ಹೌದು, ಅವರ ಬಳ್ಳಿಯೂ ಬರಿದಾಯಿತು. ಸಾಲು ಎಷ್ಟೇ ನೇರವಿದ್ದರೂ ಜೇನು ಬರುತ್ತಿದ್ದದ್ದು ನಮ್ಮ ಕಾಡಿಗೆ. ಒಂದು ಸಂಜೆ ಬೇಲಿ ಬಳಿ ಬಂದು ತಲೆ ತಗ್ಗಿಸಿ ನಿಂತರು. "ಆ ಹುಳಗಳು ಎಲ್ಲಿ ಹೋದ್ವಮ್ಮ?" ಎಂದರು. ದೊಡ್ಡಮ್ಮ, "ನಿಮ್ಮ ದೂರಿನ ಪ್ರತಿ ಕೇಳೋಕೆ ಆಫೀಸಿಗೆ ಹೋಗಿದಾವೆ," ಎಂದರು.

ಇನ್ನು ತಮ್ಮ ತಪಾಸಣೆಯ ದಿನಕ್ಕೆ ಬರೋಣ. ಹಂಗಾಮಿಗೆ ಒಂದು ಸಲ ತಾವು ಬಂದು ನೋಡಿ, ಫಸಲು ಇಲ್ಲದ ನೆಲವನ್ನು ವಾಪಸು ಪಡೆಯಬಹುದು ಎಂಬ ನಿಯಮ ಇದೆ. ನಿಯಮ ಒಳ್ಳೆಯದೇ, ನೆಲ ಪಾಳು ಬಿಡುವವರಿಗೆಂದು ಮಾಡಿದ್ದು. ತಾವು ಮೊದಲು ಕತ್ತರಿ ಮಾವನ ಚಪ್ಪರದ ಕೆಳಗೆ ಹೋದಿರಿ. ತಲೆಯ ಮೇಲೆ ಎಳೆಯ, ಉದ್ದನೆಯ, ತಿಳಿಹಸಿರು ಕಾಯಿಗಳು ತೂಗುತ್ತಿದ್ದವು. "ಭಲೇ ಮೇಷ್ಟ್ರೇ! ಕುಂಬಳ ಬೆಳೆದ್ರೆ ಹೀಗೆ ಬೆಳೀಬೇಕು," ಎಂದು ಬೆನ್ನು ತಟ್ಟಿ, ಒಂದನ್ನು ಕೈಯಲ್ಲಿ ಹಿಡಿದು ಫೋಟೋ ತೆಗೆಸಿಕೊಂಡಿರಿ. ಆ ಫೋಟೋ ನಗರಸಭೆಯ ಮಾಸಪತ್ರಿಕೆಯ ಮುಖಪುಟದಲ್ಲಿ ಬಂದಿದೆ: "ಮಾದರಿ ಕುಂಬಳ ಬೆಳೆಗಾರರೊಂದಿಗೆ ಉದ್ಯಾನ ಅಧೀಕ್ಷಕರು." ಅದನ್ನೂ ನಮ್ಮ ಮುದ್ರಣಾಲಯದಲ್ಲೇ ಮಡಚಿದೆವು. ಯಂತ್ರದ ಮುಂದೆ ನಿಂತವರೆಲ್ಲ ನೆಲಕ್ಕೆ ಕೂತು ನಕ್ಕರು. ಏಕೆಂದರೆ, ಮಾನ್ಯರೇ, ತಮ್ಮ ಕೈಯಲ್ಲಿರುವುದು ಸೋರೆಕಾಯಿ.

ಮಾವ ಹಿಂದಿನ ದಿನ ತರಕಾರಿ ಅಂಗಡಿಯಿಂದ ತಂದು, ಹಸಿರು ದಾರದಿಂದ ಬಳ್ಳಿಗೆ ಕಟ್ಟಿದ್ದರು. "ಮಾವ, ಕಟ್ಟೋದು ಕಟ್ಟಿದ್ರಿ, ಕುಂಬಳಕಾಯಿನೇ ಕಟ್ಟಬಾರ್ದಾಗಿತ್ತಾ?" ಎಂದು ಕೇಳಿದೆ. "ಕಟ್ಟಿ ನೋಡಿದೆ ಕಣಮ್ಮ, ಭಾರಕ್ಕೆ ಬಳ್ಳಿನೇ ಹರಿದು ಬಂತು. ಇದು ಹಗುರ. ಅವ್ರು ಎಲೆ ನೋಡಲ್ಲ ಅಂತ ಗೊತ್ತಿತ್ತು," ಎಂದರು. ಇದನ್ನು ಬರೆಯಲೇ ಎಂದು ಅವರನ್ನೇ ಕೇಳಿದ್ದೇನೆ. "ಬರಿ. ದೂರು ಕೊಟ್ಟಿದ್ದೂ ಬರಿ," ಎಂದು ಹೇಳಿ, ಬೇಲಿಯ ಈ ಕಡೆ ಬಂದು, ದೊಡ್ಡಮ್ಮನ ಬಕೆಟ್ಟಿನ ಪಕ್ಕ ತಮ್ಮದೊಂದು ಬೋರಲು ಹಾಕಿ ಕೂತರು. ದೊಡ್ಡಮ್ಮ ಏಳಿ ಎನ್ನಲಿಲ್ಲ, ಕೂರಿ ಎಂದೂ ಅನ್ನಲಿಲ್ಲ.

ನಮ್ಮ ನೆಲಕ್ಕೆ ಬಂದಾಗ ತಾವು ಚಪ್ಪಲಿಗೆ ಮಣ್ಣಾಗುತ್ತದೆಂದು ಒಳಗೆ ಬರಲಿಲ್ಲ. ಎಲೆ ಸರಿಸಿ ಮೂರು ಕಾಯಿ ತೋರಿಸಿದೆ. "ಇಷ್ಟೇನಾ?" ಎಂದಿರಿ. ದೊಡ್ಡಮ್ಮ ಅಂದು ಪಾಳಿ ಬದಲಾಯಿಸಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಟ್ಟು ನಿಂತಿದ್ದರು. ಸೆರಗಿನೊಳಗಿಂದ ಕರಪತ್ರ ತೆಗೆದು, ಮುದ್ರೆ ಮೇಲೆ ಬರುವ ಹಾಗೆ ಹಿಡಿದು, "ಸಾಹೇಬ್ರೇ, ನೀವು ಹೇಳಿದ್ದೇ ಮಾಡಿದ್ದು," ಎಂದರು. ತಾವು ಅದನ್ನು ಇಸಕೊಂಡಿರಿ. ನಾನು ಒಂದು ಗಳಿಗೆ, ಓದುತ್ತಾರೆ ಎಂದೇ ಅಂದುಕೊಂಡೆ. ತಾವು ಅದರಿಂದ ಗಾಳಿ ಬೀಸಿಕೊಂಡು ಮುಂದಿನ ತುಂಡಿಗೆ ಹೋದಿರಿ.

ವಾರದಲ್ಲಿ ನೋಟಿಸು ಬಂತು. "ಫಸಲುರಹಿತ ಭೂಮಿ." ಬುಧವಾರ ಬೆಳಗ್ಗೆ ಏಳು ಗಂಟೆಗೆ ಬೇಲಿ ತೆಗೆದು, ಗೋಡೆಯ ಬುಡದಿಂದ ಕತ್ತರಿ ಮಾವನ ಬೇಲಿಯ ತನಕ ಯಂತ್ರದಿಂದ ಮಟ್ಟ ಮಾಡಿ, ಚಪ್ಪಡಿ ಹಾಸಲಾಗುವುದಂತೆ. ದೊಡ್ಡಮ್ಮನಿಗೆ ನಾನೇ ಓದಿ ಹೇಳಬೇಕಾಯಿತು. ಕೇಳಿಸಿಕೊಂಡು ಎದ್ದು ಹೋಗಿ ಬಳ್ಳಿಯನ್ನು ಬುಡಸಮೇತ ಎಳೆಯತೊಡಗಿದರು. ಸೊಂಟ ಬಗ್ಗದವರು ಬಗ್ಗಿ ಎಳೆದರು.

"ದೊಡ್ಡಮ್ಮ, ಬಿಡು, ನಾನು ಮಾತಾಡ್ತೀನಿ, ಬರೀತೀನಿ..."

"ಬರಿ, ಬರಿ. ಅವ್ರು ಕೀಳೋದಕ್ಕೆ ಮೊದ್ಲು ನಾನೇ ಕೀಳ್ತೀನಿ. ಅಚ್ಚಾಗಿದ್ದೆಲ್ಲ ನಿಜ ಅಂದ್ಕೋತೀಯಲ್ಲ, ಅದೇ ಕಣೇ ನಿನ್ ರೋಗ. ಅದನ್ನ ನನಗೂ ಅಂಟಿಸ್ದೆ."

ತಮ್ಮ ವಿಷ ಮುಟ್ಟಿದ ಅತಿ ದೂರದ ಜಾಗ ಇದು, ಮಾನ್ಯರೇ. ಗಿಡ ಮತ್ತೆ ಬರುತ್ತದೆ. ಗೋಡೆಯ ಬುಡದಲ್ಲಿ ಚಪ್ಪಡಿ ಮುಚ್ಚದ ಕಡೆ, ಮಣ್ಣಿನಲ್ಲಿ ಉಳಿದಿದ್ದ ಹಳೆಯ ಬೀಜದಿಂದ ಈಗಾಗಲೇ ತುಂಬೆ ಎದ್ದಿದೆ. ಹೂವೂ ಬಿಟ್ಟಿದೆ. ಮೊನ್ನೆ ಬೆಳಗ್ಗೆ ಆ ಹೊಲಿಗೆ ಯಂತ್ರದ ಸದ್ದು ಕೇಳಿಸಿತು, ಒಂದೇ ಒಂದು. ಆದರೆ ಮುದ್ರೆ ನೋಡಿ ನಂಬಿದ ಹೆಂಗಸು ಮತ್ತೆ ನಂಬಬೇಕಾದರೆ ಯಾವ ಬೀಜ ಚೆಲ್ಲಬೇಕು? ತಮ್ಮ ಕರಪತ್ರದಲ್ಲಿ ಅದಕ್ಕೇನಾದರೂ ಉಪಾಯ ಇದೆಯೆ? ನಾನಂತೂ ಅದನ್ನು ಅಷ್ಟೂ ಓದಿದ್ದೇನೆ, ಇಲ್ಲ.

ತಾವು ಕೆಟ್ಟವರು ಎಂದು ನಾನು ವಾದಿಸುತ್ತಿಲ್ಲ. ಕೆಟ್ಟವರಾಗಲು ಒಂದಿಷ್ಟು ಗಮನ ಬೇಕಾಗುತ್ತದೆ. ಕೆಟ್ಟವನು ಹೂವನ್ನು ನೋಡಿ, ಇದು ಹೂವು ಎಂದು ಗುರುತಿಸಿ, ಆಮೇಲೆ ಕೊಲ್ಲುತ್ತಾನೆ. ತಾವು ನೋಡಲೂ ಇಲ್ಲ. ಒಂದು ಕೈಯಲ್ಲಿ ಬೆಳೆಸಿ ಎಂದು ಸಹಿ ಹಾಕಿದಿರಿ, ಅದೇ ಕೈಯಲ್ಲಿ ತೆಗೆಸಿ ಎಂದು ಸಹಿ ಹಾಕಿದಿರಿ, ಎರಡು ಸಹಿಯೂ ಒಂದೇ ಥರ ಇವೆ, ಎರಡೂ ಸುಂದರವಾಗಿವೆ. ಜೇನು ಇಲ್ಲದಿದ್ದರೆ ಏನಾದೀತು ಎಂದು ಕೇಳುವವರಿಗೆ ನಾನು ಇನ್ನು ಮೇಲೆ ದೊಡ್ಡ ದೊಡ್ಡ ಅಂಕಿಸಂಖ್ಯೆ ಹೇಳುವುದಿಲ್ಲ. ಮಾಸಪತ್ರಿಕೆಯ ಮುಖಪುಟ ತೋರಿಸುತ್ತೇನೆ. ಕಾಯಿಯನ್ನು ಅಂಗಡಿಯಿಂದ ತಂದು ಬಳ್ಳಿಗೆ ಕಟ್ಟುತ್ತೇವೆ, ಅದರ ಕೆಳಗೆ ಒಬ್ಬರು ನಿಂತು ನಗುತ್ತಾರೆ, ಅಷ್ಟೇ.

ನನ್ನ ಬೇಡಿಕೆ ಹೇಳಿ ಮುಗಿಸುತ್ತೇನೆ. ನೋಟಿಸು ರದ್ದು ಮಾಡಿ. ಗೋಡೆಯ ಬುಡದ ಹೂ ಒಣಗಿ ಬೀಜ ಉದುರುವ ತನಕ ಅಲ್ಲಿಗೆ ಡಬ್ಬಿಯೂ ಬೇಡ, ಯಂತ್ರವೂ ಬೇಡ, ಚಪ್ಪಡಿಯೂ ಬೇಡ. ಆ ಪೆಟ್ಟಿಗೆಯನ್ನು ಇವತ್ತೇ ಇಳಿಸಿ.

ಇದು ಯಾವುದೂ ಆಗುವುದಿಲ್ಲ ಎಂದಾದರೆ, ಇನ್ನೊಂದು ಸುಲಭದ ದಾರಿ ಇದೆ. ತಾವೇ ಬನ್ನಿ. ಯಂತ್ರದ ಚಾಲಕನನ್ನು ಕಳಿಸಬೇಡಿ, ಅವನಿಗೆ ಏನೂ ಗೊತ್ತಿರುವುದಿಲ್ಲ. ತಾವೇ ದೊಡ್ಡಮ್ಮನ ಎದುರು ನಿಂತು, ಅವರ ಕಣ್ಣು ನೋಡಿ, ಒಂದು ವಾಕ್ಯ ಹೇಳಿ: "ಹೂ ಬೆಳೆಸಿ ಎಂದವನು ನಾನು, ಆ ಹೂವಿಗೆ ವಿಷ ಹೊಡೆಸಿದವನು ನಾನು, ಕಾಯಿ ಬಿಡಲಿಲ್ಲ ಎಂದು ನಿಮ್ಮ ನೆಲ ಕಿತ್ತುಕೊಳ್ಳುತ್ತಿರುವವನೂ ನಾನು." ಬರೆದುಕೊಂಡು ಬಂದು ಓದಿದರೂ ಸರಿ. ಅಷ್ಟು ಹೇಳಿದರೆ ಬೇಲಿಯ ತಂತಿಯನ್ನು ನಾನೇ ಬಿಚ್ಚಿಕೊಡುತ್ತೇನೆ, ಮಾತಿಗೆ ತಪ್ಪುವುದಿಲ್ಲ. ದೊಡ್ಡಮ್ಮನಿಗೆ ಈ ಪತ್ರ ಓದಿ ಹೇಳಿದ್ದೇನೆ. "ಬರ್ತಾರಾ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಆದರೂ ಆ ದಿನಕ್ಕೆ ರಜೆ ಹಾಕಿದ್ದಾರೆ.

ಬುಧವಾರ, ಬೆಳಗ್ಗೆ ಆರೂವರೆ ಗಂಟೆ. ಗೋಡೆ ಪಕ್ಕದ ಕೊನೆಯ ತುಂಡು ನೆಲ. ಓದುಗರಲ್ಲಿ ಬಿಡುವಿದ್ದವರೂ ಬರಬಹುದು.

ಇಂತಿ,
ವಿಶ್ವಾಸ ಉಳಿಯದಿದ್ದರೂ ಅಲ್ಲೇ ನಿಂತಿರುವ,
ಆ ನೆಲದಾಕೆಯ ತಂಗಿಯ ಮಗಳು